ಮೂರೂವರೆ ಲಕ್ಷದಲ್ಲಿ ಒಂದಕ್ಕೆ 44 ಕೋಟಿ, 1,100ರಲ್ಲಿ ಒಂದಕ್ಕೆ 12 ಕೋಟಿ: ಅಪರೂಪದ ರಿವಾಲ್ವರ್‌ಗೆ ಬೆಲೆ ಕಟ್ಟುವುದು ಹೇಗೆ?

2021ರ ಆಗಸ್ಟ್ 27ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಬಾನಮ್ಸ್ ಹರಾಜು ಸಂಸ್ಥೆ ಒಂದು ಹಳೆಯ ಕೋಲ್ಟ್ ರಿವಾಲ್ವರ್ ಮಾರಿತು. ಹರಾಜಿಗೆ ಮುಂಚೆ ಅಂದಾಜು ಮಾಡಿದ್ದು 20ರಿಂದ 30 ಲಕ್ಷ ಡಾಲರ್. ಕೊನೆಗೆ ಬಂದಿದ್ದು 60.3 ಲಕ್ಷ ಡಾಲರ್. ಆಗಿನ ದರದಲ್ಲಿ ಸುಮಾರು 44 ಕೋಟಿ ರೂಪಾಯಿ. ಶೆರಿಫ್ ಪ್ಯಾಟ್ ಗ್ಯಾರೆಟ್ 1881ರಲ್ಲಿ ಬಿಲ್ಲಿ ದ ಕಿಡ್ ಎಂಬ ಹೆಸರಾಂತ ದರೋಡೆಕೋರನನ್ನು ಕೊಂದಿದ್ದು ಇದೇ ರಿವಾಲ್ವರ್‌ನಿಂದ.

ಗೊಂದಲ ಶುರುವಾಗುವುದು ಇಲ್ಲಿಂದಲೇ. ಈ ಮಾದರಿ ಅಪರೂಪದ್ದೇನಲ್ಲ. ಕೋಲ್ಟ್ ಕಂಪನಿ 1873ರಲ್ಲಿ ಶುರು ಮಾಡಿದ ‘ಸಿಂಗಲ್ ಆಕ್ಷನ್ ಆರ್ಮಿ’ ಇದು. ಎರಡನೇ ಮಹಾಯುದ್ಧದ ಹೊತ್ತಿಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ತಯಾರಾಗಿತ್ತು. ಅದೇ ಕಂಪನಿಯ 1847ರ ‘ವಾಕರ್’ ತಯಾರಾಗಿದ್ದು ಸುಮಾರು 1,100 ಮಾತ್ರ. ವಾಕರ್‌ಗಳಲ್ಲೇ ಅತ್ಯುತ್ತಮ ಎನ್ನಿಸಿಕೊಂಡ ಒಂದು 2018ರಲ್ಲಿ ರಾಕ್ ಐಲೆಂಡ್ ಹರಾಜಿನಲ್ಲಿ 18.4 ಲಕ್ಷ ಡಾಲರ್‌ಗೆ, ಅಂದರೆ ಸುಮಾರು 12 ಕೋಟಿ ರೂಪಾಯಿಗೆ ಹೋಯಿತು. ಇನ್ನೊಂದು ಕಡೆ, ಬರೀ ಕೆಲವು ನೂರು ತಯಾರಿಸಿ, ಚಿನ್ನದ ಅಕ್ಷರ ಕೆತ್ತಿಸಿ ‘ಲಿಮಿಟೆಡ್ ಎಡಿಷನ್’ ಎಂದು ಮಾರಿದ ಎಷ್ಟೋ ರಿವಾಲ್ವರ್‌ಗಳಿಗೆ ಇವತ್ತು ಕೊಂಡ ಬೆಲೆ ಗಿಟ್ಟುವುದೂ ಕಷ್ಟ.

ಕಡಿಮೆ ಇದ್ದಷ್ಟೂ ಬೆಲೆ ಜಾಸ್ತಿ ಆಗಬೇಕಿತ್ತು, ಅಲ್ವಾ? ಯಾಕೆ ಹಾಗಾಗಲಿಲ್ಲ?

ಎಷ್ಟು ತಯಾರಾಯಿತು, ಎಷ್ಟು ಉಳಿಯಿತು

ತಯಾರಾದ ಸಂಖ್ಯೆ ಬೇರೆ, ಉಳಿದಿರುವ ಸಂಖ್ಯೆ ಬೇರೆ. ಮೂಲರೂಪ ಕೆಡದೆ ಉಳಿದಿರುವ ಸಂಖ್ಯೆ ಇನ್ನೂ ಬೇರೆ. ಸಂಗ್ರಹಕಾರರು ದುಡ್ಡು ಕೊಡುವುದು ಈ ಮೂರನೆಯದಕ್ಕೆ.

ವಾಕರ್ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸ್ಯಾಮ್ಯುಯೆಲ್ ಕೋಲ್ಟ್ ಪ್ಯಾಟರ್ಸನ್ ಊರಿನಲ್ಲಿ ನಡೆಸುತ್ತಿದ್ದ ಮೊದಲ ಕಾರ್ಖಾನೆ 1842ರಲ್ಲೇ ನೆಲಕಚ್ಚಿತ್ತು. ಆಮೇಲೆ ಮೆಕ್ಸಿಕೊ ಯುದ್ಧ ಬಂತು. ಟೆಕ್ಸಾಸ್‌ನ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಸೈನ್ಯಕ್ಕೆಂದು 1,000 ರಿವಾಲ್ವರ್ ಬೇಕು ಎಂದರು. ಕೋಲ್ಟ್ ಕೈಯಲ್ಲಿ ಆಗ ಕಾರ್ಖಾನೆಯೇ ಇರಲಿಲ್ಲ. ಕನೆಕ್ಟಿಕಟ್‌ನಲ್ಲಿದ್ದ ಎಲಿ ವಿಟ್ನಿ ಜೂನಿಯರ್ ಅವರ ಕಾರ್ಖಾನೆಯಲ್ಲಿ ಮಾಡಿಸಿ ಕೊಟ್ಟರು. ಸೈನ್ಯದ 1,000ದ ಜೊತೆಗೆ ಹೊರಗೆ ಮಾರಲು, ಉಡುಗೊರೆ ಕೊಡಲು ಇನ್ನೊಂದು ನೂರು ತಯಾರಾಯಿತು.

ಒಂದೊಂದೂ ಎರಡು ಕಿಲೋಗಿಂತ ಭಾರ. ಸೊಂಟಕ್ಕೆ ಕಟ್ಟಿಕೊಳ್ಳುವ ವಸ್ತುವೇ ಅಲ್ಲ, ಕುದುರೆಯ ಜೀನಿಗೆ ತೂಗುಹಾಕಬೇಕು. ಗುಂಡು, ಮದ್ದು ತುಂಬುವ ತಿರುಗುಭಾಗವೇ ಸಿಲಿಂಡರ್. ಅದರ ಒಂದೊಂದು ಕೋಣೆಗೂ 60 ಗ್ರೇನ್, ಅಂದರೆ ಸುಮಾರು ನಾಲ್ಕು ಗ್ರಾಂ ಮದ್ದು ತುಂಬಬಹುದಿತ್ತು. ಆ ಕಾಲದ ಕಬ್ಬಿಣಕ್ಕೆ ಆ ಒತ್ತಡ ತಡೆಯುವ ಶಕ್ತಿ ಇರಲಿಲ್ಲ. ಯುದ್ಧಭೂಮಿಯಲ್ಲೇ ಎಷ್ಟೋ ಸಿಲಿಂಡರ್‌ಗಳು ಸಿಡಿದು ಹೋದವು. ಉಳಿದವು ಮಳೆ, ಬೆವರು, ಧೂಳಿನಲ್ಲಿ ಸವೆದವು. ಸಿಲಿಂಡರ್ ಸುತ್ತ ಒಂದು ಕಾಳಗದ ಚಿತ್ರ ಒತ್ತಿರುತ್ತದೆ: ಕುದುರೆ ಮೇಲಿನ ಟೆಕ್ಸಾಸ್ ರೇಂಜರ್‌ಗಳು ಮತ್ತು ಕೊಮಾಂಚೆ ಬುಡಕಟ್ಟಿನ ಯೋಧರು. ಇವತ್ತು ಯಾರಾದರೂ ವಾಕರ್ ಮಾರಲು ತಂದರೆ ಪರಿಣತರು ಮೊದಲು ಭೂತಗನ್ನಡಿ ಹಿಡಿಯುವುದು ಈ ಚಿತ್ರದ ಮೇಲೆ. ಬಹಳಷ್ಟು ವಾಕರ್‌ಗಳಲ್ಲಿ ಅದು ಪೂರಾ ಅಳಿಸಿ ನುಣ್ಣಗಾಗಿದೆ. ಒಂದೆರಡು ಕುದುರೆ ಸ್ಪಷ್ಟವಾಗಿ ಕಂಡರೂ ಬೆಲೆ ಮೇಲೇರುತ್ತದೆ.

12 ಕೋಟಿಗೆ ಹೋದ ವಾಕರ್ ಹೊರಗೆ ಮಾರಿದ ಆ ನೂರರಲ್ಲಿ ಒಂದು. ಒಬ್ಬ ಡ್ಯಾನಿಷ್ ಹಡಗಿನ ಕ್ಯಾಪ್ಟನ್ ಕೊಂಡಿದ್ದು. ಯುದ್ಧಕ್ಕೆ ಹೋಗಲಿಲ್ಲ, ಹಾಗಾಗಿ ಸವೆಯಲಿಲ್ಲ. ಮದ್ದಿನ ಬುರುಡೆ, ಗುಂಡಿನ ಅಚ್ಚು ಎಲ್ಲ ಸೇರಿ ಪೆಟ್ಟಿಗೆ ಸಮೇತ ಉಳಿದಿದೆ. 1,100 ಎಂಬ ಅಂಕಿ ಮಾತ್ರ ನೋಡಿದರೆ ಈ ಬೆಲೆ ಅರ್ಥವಾಗುವುದಿಲ್ಲ.

ಅಪರೂಪ ಎಂದು ಹೇಳಿಕೊಂಡೇ ಹುಟ್ಟಿದವು

1961ರಲ್ಲಿ ಕೋಲ್ಟ್ ಒಂದು ಹೊಸ ದಾರಿ ಹಿಡಿಯಿತು. ಇಲಿನಾಯ್‌ ರಾಜ್ಯದ ಜೆನೆಸಿಯೊ ಊರಿಗೆ 125 ವರ್ಷ ತುಂಬಿದ ನೆನಪಿಗೆ ಡೆರಿಂಜರ್ ಎಂಬ ಪುಟ್ಟ ಪಿಸ್ತೂಲು ಬರೀ 104 ತಯಾರಿಸಿತು. ಅದು ಕೈಗೆ ಹತ್ತಿತು. ಮುಂದಿನ ಎರಡು ದಶಕಗಳಲ್ಲಿ ರಾಜ್ಯಗಳ ಶತಮಾನೋತ್ಸವ, ಊರುಗಳ ವಾರ್ಷಿಕೋತ್ಸವ, ಹಳೇ ಶೆರಿಫ್‌ಗಳ ಹೆಸರು, ಹೀಗೆ ಒಂದಾದ ಮೇಲೊಂದು ‘ಸ್ಮರಣಾರ್ಥ’ ರಿವಾಲ್ವರ್‌ಗಳು ಬಂದವು. ಒಂದೊಂದರದ್ದೂ ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ.

ಇವುಗಳ ಕಷ್ಟ ಏನೆಂದರೆ, ಕೊಂಡವರೆಲ್ಲ ಮುಂದೆ ಬೆಲೆ ಬರುತ್ತದೆ ಎಂದೇ ಕೊಂಡರು. ಯಾರೂ ಒಂದು ಗುಂಡೂ ಹಾರಿಸಲಿಲ್ಲ. ಪೆಟ್ಟಿಗೆಯಿಂದ ಹೊರಗೇ ತೆಗೆಯಲಿಲ್ಲ. 500 ತಯಾರಾದರೆ 60 ವರ್ಷದ ನಂತರವೂ ಹತ್ತಿರ ಹತ್ತಿರ 500 ಹೊಸದರಂತೆಯೇ ಇವೆ. ಕೊಂಡವರಿಗೆ ವಯಸ್ಸಾಗಿ, ಮಕ್ಕಳು ಮಾರಲು ತಂದಾಗ ಎಲ್ಲವೂ ಒಟ್ಟಿಗೆ ಮಾರುಕಟ್ಟೆಗೆ ಬರುತ್ತವೆ. ಕೊಳ್ಳುವವರು ಮಾತ್ರ ಅಷ್ಟೊಂದಿಲ್ಲ. ಒಂದು ಊರಿನ ವಾರ್ಷಿಕೋತ್ಸವದ ರಿವಾಲ್ವರ್ ಆ ಊರಿನವರನ್ನು ಬಿಟ್ಟರೆ ಯಾರಿಗೆ ಬೇಕು? ಅದರಲ್ಲಿ ಗುಂಡು ಹಾರಿಸುವ ಹಾಗೂ ಇಲ್ಲ, ಹಾರಿಸಿದರೆ ‘ಹೊಸದು’ ಎಂಬ ಅದರ ಒಂದೇ ಬಂಡವಾಳವೂ ಹೋಗುತ್ತದೆ.

ಎಲ್ಲ ಲಿಮಿಟೆಡ್ ಎಡಿಷನ್ನೂ ಹೀಗೆ ಎನ್ನುವುದಾದರೆ ಲೆಕ್ಕ ಸುಲಭವಿತ್ತು. ಆದರೆ ‘ಬೋವಾ’ ಇದೆ. 1985ರಲ್ಲಿ ಲ್ಯೂ ಹಾರ್ಟನ್ ಎಂಬ ವಿತರಕ ಸಂಸ್ಥೆಗೆಂದೇ ಕೋಲ್ಟ್ ತಯಾರಿಸಿದ ರಿವಾಲ್ವರ್ ಅದು. 4 ಇಂಚಿನ ನಳಿಕೆಯವು 600, 6 ಇಂಚಿನವು 600, ಒಟ್ಟು 1,200. ಅದೂ ಕಂಪನಿ ಬೇಕೆಂದೇ ಕಡಿಮೆ ಮಾಡಿದ್ದೇ. ಆದರೂ ಅದಕ್ಕೆ ಬೇಡಿಕೆ ಇಳಿದೇ ಇಲ್ಲ. ಯಾಕೆ? ಕೋಲ್ಟ್‌ನ ಹಲವು ರಿವಾಲ್ವರ್‌ಗಳಿಗೆ ಹಾವಿನ ಹೆಸರು. 1950ರ ಕೋಬ್ರಾ, 1955ರ ಪೈಥಾನ್, 1966ರ ಡೈಮಂಡ್‌ಬ್ಯಾಕ್, 1977ರ ವೈಪರ್, 1986ರ ಕಿಂಗ್ ಕೋಬ್ರಾ, 1990ರ ಅನಕೊಂಡ. ಈ ಪೂರ್ತಿ ಸರಣಿ ಕೂಡಿಸಬೇಕು ಎಂದು ಹಟ ಹಿಡಿದವರು ಅಮೆರಿಕದಲ್ಲಿ ತುಂಬಾ ಜನ. ಎಲ್ಲ ಸಿಕ್ಕಿದ ಮೇಲೂ ಖಾಲಿ ಉಳಿಯುವ ಜಾಗ ಬೋವಾದ್ದು. ಸಾವಿರಾರು ಜನ ಬೇಟೆಯಾಡುವ 1,200 ವಸ್ತುವಿಗೂ, ನೂರು ಜನ ಮಾತ್ರ ಕೇಳುವ 500 ವಸ್ತುವಿಗೂ ಹೋಲಿಕೆ ಎಲ್ಲಿ? ಸಂಖ್ಯೆಯನ್ನು ಬೇಡಿಕೆಯ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದಕ್ಕೆ ಅರ್ಥ.

ಮೂರನೇ ಬಗೆಯೂ ಒಂದಿದೆ: ಮಾರುಕಟ್ಟೆಯಲ್ಲಿ ಓಡದೆ ನಿಂತಿದ್ದಕ್ಕೇ ಅಪರೂಪವಾದವು. ವೆಬ್ಲಿ-ಫಾಸ್ಬರಿ ಎಂಬ ಬ್ರಿಟಿಷ್ ‘ಆಟೊಮ್ಯಾಟಿಕ್ ರಿವಾಲ್ವರ್’ 5,000ಕ್ಕಿಂತ ಕಡಿಮೆ ತಯಾರಾಯಿತು. ಗುಂಡು ಹಾರಿದ ಒದೆತಕ್ಕೆ ಮೇಲಿನ ಅರ್ಧಭಾಗವೇ ಹಿಂದೆ ಜಾರಿ, ಸಿಲಿಂಡರ್ ಮೇಲಿನ ಅಂಕುಡೊಂಕು ಗೀರಿನಿಂದ ಅದು ತಾನೇ ತಿರುಗುವ ಸೊಗಸಾದ ಯಂತ್ರ. ರೂಪಿಸಿದ ಜಾರ್ಜ್ ಫಾಸ್ಬರಿ ಬ್ರಿಟಿಷ್ ಇಂಡಿಯಾದ ಸೇನಾಧಿಕಾರಿ, 1863ರಲ್ಲಿ ವಾಯವ್ಯ ಗಡಿಯ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರು. ಯುದ್ಧದ ಕೆಸರಿಗೆ ಆ ಯಂತ್ರ ತೀರಾ ನಾಜೂಕು. ಸೈನ್ಯ ಅದನ್ನು ಅಧಿಕೃತವಾಗಿ ತೆಗೆದುಕೊಳ್ಳಲಿಲ್ಲ. ಅಂದು ಸೋಲಿಗೆ ಕಾರಣವಾದ ಆ ವಿಚಿತ್ರ ರಚನೆಗೇ ಇಂದು ಜನ ಮುಗಿಬೀಳುತ್ತಾರೆ.

ಹೊಳಪು ಕೊಡಿಸಿದರೆ ಬೆಲೆ ಇಳಿಯುತ್ತದೆ

ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಥಳಥಳ ಮಾಡುವುದು ನಮ್ಮ ರೂಢಿ. ರಿವಾಲ್ವರ್‌ಗೆ ಅದೇ ಪ್ರೀತಿ ತೋರಿಸಿದರೆ ನಷ್ಟ.

ಉಕ್ಕಿಗೆ ತುಕ್ಕು ಹಿಡಿಯದಿರಲು ಕಾರ್ಖಾನೆಯಲ್ಲಿ ಕೊಡುವ ನೀಲಿ-ಕಪ್ಪು ಬಣ್ಣಕ್ಕೆ ‘ಬ್ಲೂಯಿಂಗ್’ ಎನ್ನುತ್ತಾರೆ. ಹಳೇ ರಿವಾಲ್ವರ್‌ನ ಬೆಲೆ ಕಟ್ಟುವಾಗ ಮೂಲ ಬಣ್ಣ ಶೇಕಡಾ ಎಷ್ಟು ಉಳಿದಿದೆ ಎಂದೇ ಕೇಳುತ್ತಾರೆ. ಶೇ 60 ಇದ್ದದ್ದು, ಶೇ 90 ಇದ್ದದ್ದು, ಶೇ 98 ಇದ್ದದ್ದು, ಒಂದೇ ಮಾದರಿಯಾದರೂ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಕೊನೆಯ ಕೆಲವು ಶೇಕಡಾದಲ್ಲಂತೂ ಜಿಗಿತ ಭಾರಿ. ಬಣ್ಣ ಮಾಸಿದೆ ಎಂದು ಹೊಸದಾಗಿ ಹಾಕಿಸಿದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುವುದುಂಟು. ಹೊಸ ಬಣ್ಣ ಹಾಕುವ ಮುಂಚೆ ಉಕ್ಕನ್ನು ಉಜ್ಜಿ ತೆಗೆಯಬೇಕು. ಒಮ್ಮೆ ಉಜ್ಜಿದ ಉಕ್ಕು ವಾಪಸ್ ಬರುವುದಿಲ್ಲ.

ಉಜ್ಜಿರುವುದನ್ನು ಕಣ್ಣಲ್ಲೇ ಹಿಡಿಯಬಹುದು. ನಳಿಕೆ ಮೇಲಿನ ಅಕ್ಷರಗಳನ್ನು ನೋಡಿ. ಮೂಲದಲ್ಲಿ ಅಂಚು ಚೂಪಾಗಿ, ಆಳವಾಗಿ ಇರುತ್ತವೆ. ಉಜ್ಜಿದ್ದರಲ್ಲಿ ಒಂದು ಬದಿ ಆಳ, ಇನ್ನೊಂದು ಬದಿ ಮಸುಕು. ಸ್ಕ್ರೂ ಕೂರುವ ತೂತಿನ ಸುತ್ತ ಬೆರಳು ಆಡಿಸಿದರೆ ಸಣ್ಣ ಬಟ್ಟಲಿನಂಥ ತಗ್ಗು ಸಿಗುತ್ತದೆ, ಯಾಕೆಂದರೆ ತಿರುಗುವ ಬಟ್ಟೆಯ ಚಕ್ರ ತೂತಿನ ಅಂಚನ್ನು ಜಾಸ್ತಿ ತಿನ್ನುತ್ತದೆ. ಚೂಪಾಗಿರಬೇಕಾದ ಮೂಲೆಗಳು ಸೋಪಿನಂತೆ ದುಂಡಗಾಗಿರುತ್ತವೆ.

ಇಲ್ಲಿ ಎರಡು ಪಕ್ಷಗಳಿವೆ. ಏನನ್ನೂ ಮುಟ್ಟಬೇಡಿ, ತುಕ್ಕು ಹರಡದಂತೆ ಎಣ್ಣೆ ಹಚ್ಚಿದರೆ ಸಾಕು ಎನ್ನುವವರು ಒಂದು ಕಡೆ. ಪೂರ್ತಿ ಹಾಳಾಗಿದ್ದನ್ನು ಮೂಲ ಕಾಲದ ವಿಧಾನದಲ್ಲೇ ಕುಶಲಕರ್ಮಿ ಸರಿಪಡಿಸಿದರೆ, ಮತ್ತು ಅದನ್ನು ಮುಚ್ಚಿಡದೆ ಹೇಳಿದರೆ ತಪ್ಪಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ನ್ಯಾಯ ಇದೆ. ಆದರೆ ‘ಮುಚ್ಚಿಡದೆ ಹೇಳಿದರೆ’ ಎಂಬ ಷರತ್ತು ಮೂರು ಕೈ ಬದಲಾಗುವಷ್ಟರಲ್ಲಿ ಮರೆತೇ ಹೋಗುತ್ತದೆ. ಹಾಗಾಗಿ ಮಾರುಕಟ್ಟೆ ಮೊದಲ ಪಕ್ಷದ ಕಡೆಗೇ ವಾಲಿದೆ.

ಕಥೆಗೆ ಕಾಗದದ ಆಧಾರ

ಗ್ಯಾರೆಟ್ ರಿವಾಲ್ವರ್‌ಗೆ 44 ಕೋಟಿ ಬಂದಿದ್ದು ಬರೀ ಕಥೆಗೆ ಎನ್ನುವುದು ಪೂರ್ತಿ ಸರಿಯಲ್ಲ. ಕಥೆಯನ್ನು ಯಾರು ಬೇಕಾದರೂ ಹೇಳಬಹುದು. ಆ ಕಥೆ ಕಾಗದದಲ್ಲಿ ಕೊಂಡಿ ತಪ್ಪದೆ ಉಳಿದಿತ್ತು. ಗ್ಯಾರೆಟ್ ಅದನ್ನು ಎಲ್ ಪಾಸೊ ಊರಿನ ಒಬ್ಬ ಹೆಂಡದಂಗಡಿ ಮಾಲೀಕನಿಗೆ ಪ್ರದರ್ಶನಕ್ಕೆಂದು ಕೊಟ್ಟಿದ್ದರು. ಮಾಲೀಕ ತೀರಿಕೊಂಡ ಮೇಲೆ ಗ್ಯಾರೆಟ್ ಹೆಂಡತಿ ಅಪೊಲಿನಾರಿಯಾ ಕೋರ್ಟಿಗೆ ಹೋಗಿ, ಇದು ನಮ್ಮ ಮನೆಯದು ಎಂದು ಸಾಬೀತು ಮಾಡಿ ವಾಪಸ್ ಪಡೆದರು. ಒಬ್ಬ ವಿಧವೆ ತನ್ನ ಹಕ್ಕಿಗಾಗಿ ನಡೆಸಿದ ಆ ಕೇಸಿನ ದಾಖಲೆಯೇ ಮುಂದೆ ರಿವಾಲ್ವರ್‌ನ ಅಸಲಿತನಕ್ಕೆ ದೊಡ್ಡ ಸಾಕ್ಷಿಯಾಯಿತು.

ಇದೇ ಬಗೆಯ ಇನ್ನೊಂದು ಉದಾಹರಣೆ ಫ್ರಾನ್ಸ್‌ನದು. ಕವಿ ಪಾಲ್ ವರ್ಲೇನ್ 1873ರಲ್ಲಿ ಬ್ರಸೆಲ್ಸ್‌ನಲ್ಲಿ ಇನ್ನೊಬ್ಬ ಕವಿ ರ‍್ಯಾಂಬೊ ಮೇಲೆ ಗುಂಡು ಹಾರಿಸಿದ, ಲೆಫೊಶೊ ಎಂಬ ಬಗೆಯ 7 ಮಿ.ಮೀ. ರಿವಾಲ್ವರ್ 2016ರಲ್ಲಿ ಪ್ಯಾರಿಸ್‌ನಲ್ಲಿ 4,34,500 ಯೂರೋಗೆ ಹೋಯಿತು. ಅಂದಾಜಿಗಿಂತ ಏಳು ಪಟ್ಟು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲೇ ಅದೇ ಬಗೆಯ ಇನ್ನೊಂದು ಲೆಫೊಶೊ ಬಂತು. ಓವರ್ ಊರಿನ ಹೊಲದಲ್ಲಿ ರೈತರೊಬ್ಬರಿಗೆ ಸಿಕ್ಕಿದ್ದು. ಮೈಯೆಲ್ಲ ತುಕ್ಕು. ಚಿತ್ರಕಾರ ವ್ಯಾನ್ ಗೋ 1890ರಲ್ಲಿ ಅದೇ ಊರಿನಲ್ಲಿ ತಮಗೆ ತಾವೇ ಗುಂಡು ಹೊಡೆದುಕೊಂಡಿದ್ದು ಇದರಿಂದ ಇರಬಹುದು ಎಂದು ಹರಾಜು ಸಂಸ್ಥೆ ಹೇಳಿತು. ಸಿಕ್ಕ ಜಾಗ ಹೊಂದುತ್ತದೆ, ಗುಂಡಿನ ಅಳತೆ ಹೊಂದುತ್ತದೆ, ತುಕ್ಕಿನ ವಯಸ್ಸೂ ಹೊಂದುತ್ತದೆ ಎನ್ನುವುದು ಅವರ ವಾದ. ನೇರ ಸಂಬಂಧ ತೋರಿಸುವ ಪುರಾವೆ ಯಾವುದೂ ಇಲ್ಲ, ಒಂದು ದುರಂತವನ್ನು ವ್ಯಾಪಾರ ಮಾಡುತ್ತಿದ್ದಾರೆ ಎಂದು ಅದೇ ಊರಿನ ವ್ಯಾನ್ ಗೋ ಇನ್‌ಸ್ಟಿಟ್ಯೂಟ್ ಖಂಡಿಸಿತು. ಬೆಲೆ ನಿಂತಿದ್ದು 1,62,500 ಯೂರೋಗೆ.

ಎರಡನ್ನೂ ಪಕ್ಕಪಕ್ಕ ಇಡಿ. ವರ್ಲೇನ್ ರಿವಾಲ್ವರ್‌ಗೆ ಪೊಲೀಸ್ ಕೇಸಿನ ಹಿನ್ನೆಲೆ ಇತ್ತು. ವ್ಯಾನ್ ಗೋ ಹೆಸರು ಅದಕ್ಕಿಂತ ಎಷ್ಟೋ ದೊಡ್ಡದು. ಆದರೂ ‘ಇರಬಹುದು’ ಎಂಬ ಒಂದು ಪದ ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ನಿಲ್ಲಿಸಿತು.

ಹೆಸರಾಂತ ಮಾಲೀಕರಿಲ್ಲದ ರಿವಾಲ್ವರ್‌ಗೂ ಕಾಗದ ಬೇಕು. ಸಂಗ್ರಹಕಾರರು ಇದನ್ನು ಸುಮ್ನೆ ‘ಲೆಟರ್’ ಎನ್ನುತ್ತಾರೆ. ಸೀರಿಯಲ್ ನಂಬರ್ ಕೊಟ್ಟರೆ, ಯಾವ ದಿನ, ಯಾವ ನಳಿಕೆ, ಯಾವ ಬಣ್ಣದಲ್ಲಿ, ಯಾವ ಅಂಗಡಿಗೆ ಕಳಿಸಿದ್ದು ಎಂದು ಕಂಪನಿಯ ಹಳೇ ಲೆಡ್ಜರ್ ನೋಡಿ ಬರೆದುಕೊಡುವ ಪತ್ರ. ಸ್ಮಿತ್ ಅಂಡ್ ವೆಸನ್ 1935ರಲ್ಲಿ ಶುರು ಮಾಡಿದ ‘ರಿಜಿಸ್ಟರ್ಡ್ ಮ್ಯಾಗ್ನಂ’ಗೆ ಇಷ್ಟು ಗೌರವ ಬರಲು ಇದೂ ಕಾರಣ. ಗಿರಾಕಿ ಹೇಳಿದ ಉದ್ದದ ನಳಿಕೆ, ಹೇಳಿದ ಹಿಡಿ ಹಾಕಿ ಒಂದೊಂದಾಗಿ ಮಾಡಿಕೊಡುತ್ತಿದ್ದರು. ಬೆಲೆ 60 ಡಾಲರ್, ಆ ಕಾಲಕ್ಕೆ ದುಬಾರಿ. ಸಿಲಿಂಡರ್ ಹೊರಗೆ ತೆರೆದು ಒಳಗೆ ಇಣುಕಿದರೆ ರಿಜಿಸ್ಟ್ರೇಷನ್ ನಂಬರ್ ಒತ್ತಿರುತ್ತದೆ. 1939ರ ಹೊತ್ತಿಗೆ ಸುಮಾರು 5,500 ನೋಂದಣಿಯಾಗಿದ್ದವು. ಬೋವಾಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಆದರೆ ಒಂದು ಇನ್ನೊಂದರಂತಿಲ್ಲ, ಮತ್ತು ಪ್ರತಿಯೊಂದಕ್ಕೂ ತನ್ನದೇ ಹುಟ್ಟಿದ ದಾಖಲೆ ಇದೆ.

ಕಂಪನಿಯೇ ಮತ್ತೆ ತಯಾರಿಸಿದರೆ?

ಕೋಲ್ಟ್ ಪೈಥಾನ್ 2005ರ ಹೊತ್ತಿಗೆ ನಿಂತುಹೋಯಿತು. ಕೈಯಲ್ಲಿ ಅರದಿಂದ ಉಜ್ಜಿ ಕೂರಿಸುವ ಕುಶಲಕರ್ಮಿಗಳ ಕೆಲಸ ದುಬಾರಿಯಾಗಿತ್ತು. ನಿಂತ ಮೇಲೆ ಹಳೇ ಪೈಥಾನ್ ಬೆಲೆ ಏರುತ್ತಲೇ ಹೋಯಿತು. 2020ರ ಜನವರಿಯಲ್ಲಿ ಕೋಲ್ಟ್ ಇದ್ದಕ್ಕಿದ್ದಂತೆ ಹೊಸ ಸ್ಟೇನ್‌ಲೆಸ್ ಪೈಥಾನ್ ಬಿಟ್ಟಿತು. ಬೆಲೆ 1,499 ಡಾಲರ್. ಹಳೆಯದು ಕೊಂಡಿಟ್ಟವರಿಗೆ ಹೆದರಿಕೆ ಶುರುವಾಯಿತು.

ಇಲ್ಲಿ ಎರಡು ಬಗೆಯ ಗಿರಾಕಿಗಳನ್ನು ಬೇರೆ ಮಾಡಿ ನೋಡಬೇಕು. ಪೈಥಾನ್‌ನಲ್ಲಿ ಗುರಿ ಅಭ್ಯಾಸ ಮಾಡಬೇಕು ಎನ್ನುವವರಿಗೆ ಹೊಸದು ಸಾಕು, ಬಿಡಿಭಾಗವೂ ಸಿಗುತ್ತದೆ. ಅವರು ಹಳೇ ಪೈಥಾನ್ ಸಾಲಿನಿಂದ ಹೊರಗೆ ಬರುತ್ತಾರೆ. ಹಾಗಾಗಿ ಪೆಟ್ಟು ಬೀಳುವುದು ಸವೆದ, ಗೀರು ಬಿದ್ದ, ಪೆಟ್ಟಿಗೆ ಇಲ್ಲದ ಹಳೇ ಪೈಥಾನ್‌ಗಳಿಗೆ. 1950ರ ದಶಕದ ಆಳ ನೀಲಿ ಹೊಳಪು ಬೇಕು, ಮೂಲ ಪೆಟ್ಟಿಗೆ ಬೇಕು ಎನ್ನುವವರಿಗೆ ಹೊಸದು ಬದಲಿಯೇ ಅಲ್ಲ. ಅಷ್ಟೇ ಅಲ್ಲ, ಹೊಸ ಪೈಥಾನ್ ಕೊಂಡ ಯುವಕರಲ್ಲಿ ಕೆಲವರಿಗಾದರೂ ಮುಂದೆ ಹಳೆಯದರ ಮೇಲೆ ಕಣ್ಣು ಬೀಳುತ್ತದೆ. ಮರು ತಯಾರಿಕೆ ಬಂದಾಗ ನಡುಮಟ್ಟದ ಸರಕು ಸೊರಗುತ್ತದೆ, ಮೇಲ್ಮಟ್ಟದ್ದು ಉಳಿದುಕೊಳ್ಳುತ್ತದೆ.

ಒಂದು ಅಧಿಸೂಚನೆ, ಬೇರೆ ಬೆಲೆ

ಬ್ರಿಟನ್‌ನಲ್ಲಿ 2021ರ ಮಾರ್ಚ್ 22ರಂದು ಪುರಾತನ ಬಂದೂಕುಗಳ ಹೊಸ ನಿಯಮ ಜಾರಿಗೆ ಬಂತು. ಅಲ್ಲಿ, ಈಗ ಯಾರೂ ತೋಟಾ ತಯಾರಿಸದ ಹಳೇ ರಿವಾಲ್ವರ್‌ಗಳನ್ನು ಪರವಾನಗಿ ಇಲ್ಲದೆ ಅಲಂಕಾರಕ್ಕೆ ಇಟ್ಟುಕೊಳ್ಳಬಹುದಿತ್ತು. ಆದರೆ ಅಪರಾಧಿಗಳು ಇಂಥವಕ್ಕೆ ಮನೆಯಲ್ಲೇ ತೋಟಾ ಮಾಡಿಕೊಂಡು ಬಳಸುತ್ತಿರುವುದು ಪೊಲೀಸರಿಗೆ ಕಂಡುಬಂತು. ಸರ್ಕಾರ ಪರವಾನಗಿ ಬೇಡದವುಗಳ ಪಟ್ಟಿಯಿಂದ ಏಳು ಬಗೆಯ ತೋಟಾಗಳನ್ನು ತೆಗೆದುಹಾಕಿತು. ಅದರಲ್ಲಿ .41 ಕೋಲ್ಟ್ ಮತ್ತು .44 ಸ್ಮಿತ್ ಅಂಡ್ ವೆಸನ್ ರಷ್ಯನ್ ಕೂಡ ಇದ್ದವು. ಆರು ತಿಂಗಳೊಳಗೆ ಪರವಾನಗಿಗೆ ಅರ್ಜಿ ಹಾಕಬೇಕಿತ್ತು, ಇಲ್ಲವೇ ಮಾರಬೇಕಿತ್ತು, ಒಪ್ಪಿಸಬೇಕಿತ್ತು. ರಿವಾಲ್ವರ್‌ನಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ. ಕೊಳ್ಳಬಹುದಾದವರ ಸಂಖ್ಯೆ ಮಾತ್ರ ಕುಗ್ಗಿತು.

ಸಂಗ್ರಹಕಾರರಿಗೆ ಇದು ಅನ್ಯಾಯ ಅನ್ನಿಸಿದ್ದು ಸಹಜ. ಆದರೆ ಜೀವ ಹೋಗುವ ಪ್ರಶ್ನೆ ಬಂದಾಗ ಸಂಗ್ರಹದ ಬೆಲೆ ಎರಡನೆಯದಾಗಲೇಬೇಕು. ಅಮೆರಿಕದಲ್ಲಿ ಗೆರೆ ಬೇರೆ ಕಡೆ ಇದೆ. 1898ರವರೆಗೆ ತಯಾರಾದದ್ದು ಕೇಂದ್ರ ಕಾನೂನಿನಲ್ಲಿ ‘ಆಂಟಿಕ್’. 1899ರಲ್ಲಿ ತಯಾರಾದ ಅದೇ ಮಾದರಿ ಸಾಧಾರಣ ಬಂದೂಕು. ಅಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು, ರಾಜ್ಯಗಳ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು.

ನಮ್ಮಲ್ಲಿ ಲೆಕ್ಕವೇ ಬೇರೆ

ಭಾರತದಲ್ಲಿ ರಿವಾಲ್ವರ್ ಅಪರೂಪವಾಗಿದ್ದು ಕಾರ್ಖಾನೆಯಿಂದಲ್ಲ, ಕಾನೂನಿನಿಂದ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ಆಮದು ನಿಂತುಹೋಯಿತು. .455 ಇಂಚಿನಂಥ ಸೈನ್ಯದ ತೋಟಾ ಅಳತೆಗಳು ನಿಷೇಧಿತ ವರ್ಗಕ್ಕೆ ಸೇರುತ್ತವೆ. ಉಳಿದಿದ್ದು ಮುಖ್ಯವಾಗಿ .32. ಹಾಗಾಗಿ ಹೊರದೇಶದಲ್ಲಿ ಸಾಧಾರಣ ಎನ್ನಿಸುವ ಹಳೇ .32 ವೆಬ್ಲಿ ಅಂಡ್ ಸ್ಕಾಟ್ ಇಲ್ಲಿ ಲಕ್ಷಗಳಲ್ಲಿ ಮಾತಾಡುತ್ತದೆ. ಈ ಬೆಲೆ ಬಾಗಿಲು ಮುಚ್ಚಿರುವುದರಿಂದ ಬಂದದ್ದು. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2014ರಲ್ಲಿ ನಿರ್ಭೀಕ್, 2023ರಲ್ಲಿ ಪ್ರಬಲ್ ಬಂದವು. ಹೊಸ ದೇಶೀ ರಿವಾಲ್ವರ್‌ಗಳು ಹೆಚ್ಚಿದಂತೆ, ಬಳಸಲೆಂದು ಹಳೇ ವಿದೇಶಿ ಕೊಳ್ಳುವವರು ಕಡಿಮೆಯಾಗುತ್ತಾರೆ. ಪೈಥಾನ್‌ಗೆ ಆದದ್ದೇ ಇಲ್ಲೂ ಆಗಬಹುದು.

ಹೊರಗೆ ಕಳಿಸಿ ಒಳ್ಳೆ ಬೆಲೆಗೆ ಮಾರೋಣ ಎನ್ನುವಂತೆಯೂ ಇಲ್ಲ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಬರುತ್ತದೆ, ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ. ಲಂಡನ್ ಹರಾಜಿನ ಬೆಲೆ ನೋಡಿ ಇಲ್ಲಿನ ವಸ್ತುವಿಗೆ ಬೆಲೆ ಕಟ್ಟುವುದು ಅದಕ್ಕೇ ತಪ್ಪು.

ಜನರನ್ನು ಹೆಚ್ಚು ಕಾಡಿದ್ದು 2019ರ ಶಸ್ತ್ರಾಸ್ತ್ರ ತಿದ್ದುಪಡಿ. ಲೈಸೆನ್ಸ್ ಮೇಲೆ ಮೂರು ಬಂದೂಕು ಇಡಬಹುದಿತ್ತು, ಈಗ ಎರಡು. ವಂಶಪಾರಂಪರ್ಯವಾಗಿ ಬಂದದ್ದೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. ಮೂರನೆಯದನ್ನು 2020ರ ಡಿಸೆಂಬರ್ ಒಳಗೆ ಠಾಣೆಗೋ ಅಧಿಕೃತ ಡೀಲರ್‌ಗೋ ಒಪ್ಪಿಸಬೇಕಿತ್ತು. ಕೊಡವರು ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಅದು ಕೋವಿಯನ್ನು ಪೂಜಿಸುವ ಸಂಪ್ರದಾಯಕ್ಕೆ ಸೇರಿದ ವಿಚಾರ, ಸಂಗ್ರಹದ ಮಾರುಕಟ್ಟೆಗೆ ಸಂಬಂಧಿಸಿದ್ದಲ್ಲ.

ಈ ಮಿತಿಯ ಪರಿಣಾಮ ನಿಧಾನವಾಗಿ ಕಾಣುತ್ತದೆ. ಮೂರರಲ್ಲಿ ಯಾವುದನ್ನು ಬಿಡುತ್ತಾರೆ? ಬಳಸದೆ ಇಟ್ಟಿದ್ದನ್ನು. ಅಂದರೆ ಅಜ್ಜನ ಕಾಲದ, ಮೂಲ ಬಣ್ಣ ಉಳಿದಿರುವ, ಕಡಿಮೆ ಗುಂಡು ಕಂಡಿರುವ ರಿವಾಲ್ವರ್ ಮೊದಲು ಹೊರಗೆ ಹೋಗುತ್ತದೆ. ಜೊತೆಗೆ ಇರಬೇಕಾದ ಚರ್ಮದ ಚೀಲ, ಹಳೇ ಲೈಸೆನ್ಸ್ ಪುಸ್ತಕ, ಅಂಗಡಿಯ ರಸೀದಿ ಮನೆಯಲ್ಲೇ ಎಲ್ಲೋ ಉಳಿಯುತ್ತವೆ. ರಿವಾಲ್ವರ್ ದಾಸ್ತಾನು ಕೋಣೆಯ ಚೀಲದೊಳಗೆ ಮಳೆಗಾಲದ ತೇವ ಕುಡಿಯುತ್ತದೆ. ಎಣ್ಣೆ ಹಚ್ಚುವವರು ಯಾರೂ ಇಲ್ಲದಿದ್ದರೆ, ಎಂಬತ್ತು ವರ್ಷ ಉಳಿದ ನೀಲಿ ಬಣ್ಣಕ್ಕೆ ನಾಲ್ಕೈದು ಮಳೆಗಾಲ ಸಾಕು.